ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೊಳೆ ದಾಟುವುದು ಹೇಗೆ: ಹೊರಗಿನಿಂದ ಬರುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರಿಗೆ ಬಂದವರು ತಣ್ಣೀರುಬಾವಿ ಬೀಚ್‌ಗೆ ಹೊರಟರೆ ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಮ್ಯಾಪ್ ಹಾಕುವುದು. ಮ್ಯಾಪ್ ಅವರನ್ನು ಕೊಟ್ಟಾರ ಚೌಕಿಗೆ ಒಯ್ದು, ಹೆದ್ದಾರಿ 66ರಲ್ಲಿ ಕೂಳೂರು ಸೇತುವೆ ದಾಟಿಸಿ, ಟ್ಯಾಂಕರ್‌ಗಳ ಸಾಲಿನ ಹಿಂದೆಯೇ ಸುತ್ತಿಸಿ ಬೀಚಿಗೆ ತಂದು ಬಿಡುತ್ತದೆ. ದಾರಿ ತಪ್ಪೇನಲ್ಲ. ಆದರೆ ಆ ಬೀಚು ಇರುವುದು ಬೋಳೂರಿನ ಎದುರು ದಡದಲ್ಲೇ. ಬೋಳೂರಿನಲ್ಲಿರುವ ಹಳೆ ಕಾವಲು ಗೋಪುರ ಸುಲ್ತಾನ್ ಬತ್ತೇರಿಯ ಕೆಳಗೆ ನಿಂತರೆ ಆಚೆಯ ಗಾಳಿಮರಗಳು, ತೆಂಗಿನ ಮರಗಳು ಕಣ್ಣೆದುರೇ ಕಾಣುತ್ತವೆ. ನಡುವೆ ಇರುವುದು ಒಂದು ಹೊಳೆ. ಅದನ್ನು ದಾಟಿಸಲು ಒಂದು ದೋಣಿ.

ಈ ದೋಣಿಯಲ್ಲಿ ಒಮ್ಮೆ ದಾಟಿದರೆ ಮಂಗಳೂರು ಯಾಕೆ ಹೀಗಿದೆ ಅನ್ನುವುದು ಅರ್ಥವಾಗುತ್ತದೆ. ಪೇಟೆಯೊಳಗೆ ಎಷ್ಟು ಸುತ್ತಿದರೂ ಅದು ಕಾಣುವುದಿಲ್ಲ. ಹಾಗಾಗಿ ಊರಿಗೆ ಬಂದ ನೆಂಟರಿಗೆ, ಸ್ನೇಹಿತರಿಗೆ ನಾನು ಮೊದಲು ಹೇಳುವುದು ಇದನ್ನೇ: ಬೀಚಿಗೆ ರಸ್ತೆಯಲ್ಲಿ ಹೋಗಬೇಡಿ, ಹೊಳೆಯಲ್ಲಿ ಹೋಗಿ. ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಇದು ಪ್ರವಾಸಿಗರಿಗೆಂದು ಇಟ್ಟ ಬೋಟಿಂಗ್ ಅಲ್ಲ. ಆಚೆ ದಡದ ಜನ ಕೆಲಸಕ್ಕೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ದಾರಿ. ನಾವು ಅವರ ದಾರಿಯಲ್ಲಿ ಸ್ವಲ್ಪ ಹೊತ್ತು ಜೊತೆಗೆ ಹೋಗುವವರು. ಮುಂದೆ ಹೇಳುವುದೆಲ್ಲ ಇದನ್ನು ನೆನಪಿಟ್ಟುಕೊಂಡೇ ಬರೆದದ್ದು.

ಮೊದಲು ಹೊಳೆಯನ್ನು ತಿಳಿದುಕೊಳ್ಳಿ

ಇದು ಗುರುಪುರ ಹೊಳೆ. ಫಲ್ಗುಣಿ ಎಂದೂ ಕರೆಯುತ್ತಾರೆ. ಘಟ್ಟದಿಂದ ಇಳಿದು ಪಶ್ಚಿಮಕ್ಕೆ ಹರಿದು ಬರುವ ಈ ಹೊಳೆ ಸಮುದ್ರ ಕೈಗೆಟುಕುವಷ್ಟು ಹತ್ತಿರ ಬಂದಾಗ ನೇರವಾಗಿ ಕಡಲು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಕರಾವಳಿಯ ಪಕ್ಕದಲ್ಲೇ ಹರಿದು, ಆ ಕಡೆಯಿಂದ ಬರುವ ನೇತ್ರಾವತಿಯ ಜೊತೆ ಸೇರಿ ಅಳಿವೆ ಬಾಗಿಲಿನಲ್ಲಿ ಕಡಲಿಗೆ ಬೀಳುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಿನ ಪಟ್ಟಿಯೇ ತಣ್ಣೀರುಬಾವಿ, ಅದರ ದಕ್ಷಿಣಕ್ಕೆ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಪಟ್ಟಿ ಅಗಲವೇನೂ ಇಲ್ಲ, ನಡೆದೇ ದಾಟಬಹುದು.

ಮಂಗಳೂರಿನ ಹಳೆ ಬಂದರು ಹುಟ್ಟಿದ್ದು ಈ ಮರಳಿನ ಪಟ್ಟಿಯಿಂದಲೇ. ಕಡಲಿನ ಅಲೆ ತಡೆದು ಒಳಗೆ ಶಾಂತವಾದ ನೀರು ಕೊಡುವುದು ಅದೇ. ಆದರೆ ಅಳಿವೆ ಬಾಗಿಲಿನಲ್ಲಿ ಮರಳು ತುಂಬುತ್ತಲೇ ಇರುವುದರಿಂದ ದೊಡ್ಡ ಹಡಗುಗಳು ಒಳಗೆ ಬರಲು ಆಗುತ್ತಿರಲಿಲ್ಲ. ಹೊರಗೆ ಕಡಲಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ಸರಕು ತುಂಬಿಸಿಕೊಳ್ಳುತ್ತಿದ್ದವು. ಮಂಗಳೂರು ಹೆಂಚು, ಕಾಫಿ, ಕಾಳುಮೆಣಸು ಎಲ್ಲವೂ ಹಾಗೆಯೇ ಹೊರಟದ್ದು. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಹಳೆ ಬಂದರಿಗೆ ಮೀನುಗಾರಿಕೆ ಬೋಟುಗಳು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳು ಉಳಿದವು.

ಈ ಹೊಳೆಯ ಮುಖ್ಯ ಗುಣ ಉಬ್ಬರ ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸಿನಲ್ಲಿ ಕಡಿಮೆ. ಮನೆಯಲ್ಲಿ ಕ್ಯಾಲೆಂಡರ್ ಇದ್ದರೆ ಇಷ್ಟು ಲೆಕ್ಕ ಸಾಕು. ನೀರು ತುಂಬಿದ್ದಾಗ ದೋಣಿಯ ಅಂಚು ಮೆಟ್ಟಿಲಿನ ಸಮಕ್ಕೆ ಬರುತ್ತದೆ, ಹತ್ತುವುದು ಸುಲಭ. ಇಳಿದಾಗ ಕೆಳಗಿನ ಮೆಟ್ಟಿಲುಗಳು ಹೊರಗೆ ಬರುತ್ತವೆ, ಅವುಗಳ ಮೇಲೆ ಪಾಚಿ ಇರುತ್ತದೆ. ಮೊಣಕಾಲು ನೋವಿನವರು, ಸಣ್ಣ ಮಕ್ಕಳನ್ನು ಎತ್ತಿಕೊಂಡು ಬರುವವರು ಉಬ್ಬರದ ಹೊತ್ತನ್ನೇ ನೋಡಿಕೊಂಡರೆ ಒಳ್ಳೆಯದು.

ಯಾವ ತಿಂಗಳು, ಯಾವ ಹೊತ್ತು

ನವೆಂಬರ್‌ನಿಂದ ಫೆಬ್ರವರಿವರೆಗೆ ಎಲ್ಲಕ್ಕಿಂತ ಚೆನ್ನ. ಮಾರ್ಚ್ ಕಳೆದ ಮೇಲೆ ಹತ್ತು ಗಂಟೆಗೇ ಸೆಕೆ ಶುರು. ಏಪ್ರಿಲ್, ಮೇ ತಿಂಗಳಲ್ಲಿ ಬರುವುದಾದರೆ ಬೆಳಿಗ್ಗೆ ಬೇಗ ಬನ್ನಿ, ಇಲ್ಲವೇ ನಾಲ್ಕರ ಮೇಲೆ.

ಮಳೆಗಾಲದ ವಿಷಯ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನೀರೆಲ್ಲ ಕೆಂಪಾಗಿ ಈ ಹೊಳೆಯಲ್ಲೇ ಇಳಿದು ಬರುತ್ತದೆ. ಮರದ ದಿಮ್ಮಿ, ಬಾಳೆಗಿಡ, ತೆಂಗಿನ ಸೋಗೆ ತೇಲಿ ಬರುವುದು ಸಾಮಾನ್ಯ. ಮಳೆ ಬಿಟ್ಟು ಹೊಳೆ ಶಾಂತವಾಗಿದ್ದ ದಿನ ದೋಣಿ ಹೋಗುತ್ತದೆ. ಜೋರು ಮಳೆ, ಗಾಳಿ ಇದ್ದರೆ ನಿಲ್ಲುತ್ತದೆ. ನಿಲ್ಲಿಸಿದ ದಿನ ಅಂಬಿಗರ ಹತ್ತಿರ ‘ಒಂದೇ ಒಂದು ಟ್ರಿಪ್ ಬಿಡಿ’ ಎಂದು ದಯವಿಟ್ಟು ಒತ್ತಾಯ ಮಾಡಬೇಡಿ. ಆ ನೀರನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ. ರೆಡ್ ಅಲರ್ಟ್ ಇದ್ದ ದಿನ ಹೊಳೆಯ ಬದಿಗೂ ಬರಬೇಡಿ, ಬೀಚಿಗೂ ಹೋಗಬೇಡಿ. ಕಡಲಿಗೆ ಇಳಿಯುವುದಂತೂ ಮಳೆಗಾಲ ಪೂರ್ತಿ ಬೇಡ.

ಹೊತ್ತಿನ ಬಗ್ಗೆ ನನ್ನ ಸಲಹೆ ಇಷ್ಟು. ಸೂರ್ಯ ಮುಳುಗುವುದನ್ನು ನೋಡಲೆಂದೇ ಬರುವವರು ಜಾಸ್ತಿ. ಮಂಗಳೂರಿನಲ್ಲಿ ನವೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಏಪ್ರಿಲ್ ಕೊನೆಗೆ ಆರೂಮುಕ್ಕಾಲು. ಆದರೆ ದೋಣಿ ರಾತ್ರಿ ಪೂರ್ತಿ ಇರುವುದಿಲ್ಲ. ಸಂಜೆ ಐದೂವರೆಗೆ ಬತ್ತೇರಿಗೆ ಬಂದರೆ ನಿಮಗೆ ಸಿಗುವುದು ಓಡಾಟ ಮಾತ್ರ. ಮೂರೂವರೆ, ನಾಲ್ಕಕ್ಕೆ ಪೇಟೆ ಬಿಡಿ. ಭಾನುವಾರ ಸಂಜೆ ಬಿಟ್ಟು ಬೇರೆ ಯಾವ ದಿನವಾದರೂ ಆದೀತು. ಭಾನುವಾರ ಸಂಜೆ ಇಡೀ ಊರೇ ತಣ್ಣೀರುಬಾವಿಯಲ್ಲಿರುತ್ತದೆ, ವಾಪಸ್ ಬರುವ ಸಾಲು ಉದ್ದ. ಬೆಳಿಗ್ಗೆ ಏಳರಿಂದ ಒಂಬತ್ತರ ಹೊತ್ತು ನನಗೆ ಇನ್ನೂ ಇಷ್ಟ. ಬಿಸಿಲು ಹಿಂದಿನಿಂದ ಬೀಳುವುದರಿಂದ ಹೊಳೆ ಪೂರ್ತಿ ತಿಳಿಯಾಗಿ ಕಾಣುತ್ತದೆ. ಆದರೆ ಆಗ ಕೆಲಸಕ್ಕೆ ಹೋಗುವವರ ಗಡಿಬಿಡಿ ಇರುತ್ತದೆ, ಅವರನ್ನು ಮೊದಲು ಬಿಡಿ.

ಬತ್ತೇರಿ ತಲುಪುವುದು

ಮ್ಯಾಪಿನಲ್ಲಿ ‘ತಣ್ಣೀರುಬಾವಿ ಬೀಚ್’ ಎಂದು ಹಾಕಬೇಡಿ, ‘ಸುಲ್ತಾನ್ ಬತ್ತೇರಿ’ ಎಂದು ಹಾಕಿ. ಇಲ್ಲದಿದ್ದರೆ ಅದು ಕೂಳೂರಿಗೇ ಕರೆದುಕೊಂಡು ಹೋಗುತ್ತದೆ.

ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣದಿಂದಾಗಲಿ, ಹಂಪನಕಟ್ಟೆಯಿಂದಾಗಲಿ ಬತ್ತೇರಿ ನಾಲ್ಕೈದು ಕಿಲೋಮೀಟರ್. ಆಟೋ ಹಿಡಿದರೆ ಮೀಟರ್ ಹಾಕಲು ಹೇಳಿ, ಇಲ್ಲಿ ಅದು ರೂಢಿ. ಸಿಟಿ ಬಸ್ಸಿನಲ್ಲಿ ಹೋಗುವ ಮನಸ್ಸಿದ್ದರೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗಿ, ಮಣ್ಣಗುಡ್ಡೆ, ಉರ್ವ ಕಡೆಯ ಬಸ್ ಕೇಳಿ. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯವು. ನಿಂತಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕಂಡಕ್ಟರ್ ತುಳುವಿನಲ್ಲಿ ‘ಓಡೆಗ್?’ ಎಂದು ಕೇಳಿದರೆ ಸುಮ್ನೆ ‘ಸುಲ್ತಾನ್ ಬತ್ತೇರಿ’ ಅನ್ನಿ, ಸಾಕು. ಬಸ್ ಅಲ್ಲಿವರೆಗೆ ಹೋಗದಿದ್ದರೆ ಎಲ್ಲಿ ಇಳಿಯಬೇಕೆಂದು ಅವರೇ ಹೇಳುತ್ತಾರೆ.

ಉಡುಪಿ ಕಡೆಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವವರು ಸ್ಟೇಟ್ ಬ್ಯಾಂಕ್‌ವರೆಗೆ ಹೋಗಿ ಹಿಂದೆ ಬರುವ ಅಗತ್ಯವಿಲ್ಲ. ಲೇಡಿಹಿಲ್‌ನಲ್ಲಿ ಇಳಿಯಿರಿ. ಅಲ್ಲಿಂದ ಉರ್ವ ಮಾರ್ಕೆಟ್ ದಾರಿಯಾಗಿ ಆಟೋದಲ್ಲಿ ಸ್ವಲ್ಪವೇ ದೂರ.

ಸ್ವಂತ ಕಾರು, ಬೈಕಿನಲ್ಲಿ ಬಂದವರು ವಾಹನವನ್ನು ಈ ದಡದಲ್ಲೇ ಬಿಡಿ. ಬತ್ತೇರಿಯ ಸುತ್ತ ಇರುವುದು ಮನೆಗಳ ಸಾಲು, ರಸ್ತೆ ಅಗಲ ಕಿರಿದು. ಗೇಟಿನ ಎದುರು, ಜೆಟ್ಟಿಗೆ ಇಳಿಯುವ ದಾರಿಯಲ್ಲಿ ನಿಲ್ಲಿಸಬೇಡಿ. ಮೀನಿನ ಬುಟ್ಟಿ ಹೊತ್ತವರು, ಗ್ಯಾಸ್ ಸಿಲಿಂಡರ್ ಸಾಗಿಸುವವರು ಅದೇ ದಾರಿಯಲ್ಲಿ ಬರುತ್ತಾರೆ.

ಹತ್ತುವ ಮೊದಲು ಹದಿನೈದು ನಿಮಿಷ ಬತ್ತೇರಿಗೆ ಕೊಡಿ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ ಇದು. ಶತ್ರು ಹಡಗುಗಳು ಗುರುಪುರ ಹೊಳೆಯೊಳಗೆ ಬಾರದಂತೆ ನೋಡಿಕೊಳ್ಳುವುದು ಇದರ ಕೆಲಸ. ಅದೇ ವರ್ಷ ಮಾರ್ಚ್ 11ರಂದು ಈ ಊರಿನಲ್ಲೇ ಟಿಪ್ಪುವಿಗೂ ಇಂಗ್ಲಿಷರಿಗೂ ಮಂಗಳೂರು ಒಪ್ಪಂದ ಆಗಿ ಎರಡನೇ ಮೈಸೂರು ಯುದ್ಧ ಮುಗಿದದ್ದು. ಕಪ್ಪು ಕಲ್ಲಿನ ಕಟ್ಟಡ. ನೋಡಲು ಕೋಟೆಯ ಚೂರಿನ ಹಾಗೆ ಚಿಕ್ಕದು. ಮೆಟ್ಟಿಲು ಹತ್ತಿ ಮೇಲೆ ಹೋಗಿ, ಗೋಡೆಯ ಸುತ್ತ ಇರುವ ತೋಪಿನ ಕಂಡಿಗಳಲ್ಲಿ ಕಣ್ಣಿಟ್ಟು ನೋಡಿ. ಒಂದೊಂದು ಕಂಡಿಯಲ್ಲಿ ಒಂದೊಂದು ದಿಕ್ಕು ಕಾಣುತ್ತದೆ. ಹೊಳೆ ಕಡೆಗಿನ ಕಂಡಿಯಲ್ಲಿ ನೀವು ಈಗ ದಾಟಲಿರುವ ನೀರೇ ಚೌಕಟ್ಟು ಹಾಕಿದಂತೆ ಕಾಣುತ್ತದೆ. ಈ ಜಾಗವನ್ನೇ ಯಾಕೆ ಆರಿಸಿದರು ಅನ್ನುವುದಕ್ಕೆ ಬೇರೆ ವಿವರಣೆ ಬೇಡ. ಕೆಳಗೆ ಸಿಡಿಮದ್ದಿನ ಪುಡಿ ಇಡುತ್ತಿದ್ದ ನೆಲಮಾಳಿಗೆಯೂ ಇದೆ. ಗೋಡೆಯ ಮೇಲೆ ಹೆಸರು ಕೆತ್ತಿದವರು ಬಹಳ ಮಂದಿ ಇದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಜೊತೆಗೆ ಬಂದ ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಜೆಟ್ಟಿಯಲ್ಲಿ ಏನು ಮಾಡಬೇಕು

ಗೋಪುರದ ಹತ್ತಿರದಲ್ಲೇ ಹೊಳೆಗೆ ಇಳಿಯುವ ದಾರಿ. ಕೆಳಗೆ ಬಂದ ತಕ್ಷಣ ಮೂರು ವಿಷಯ ಕೇಳಿಕೊಳ್ಳಿ. ದುಡ್ಡು ಎಲ್ಲಿ ಕೊಡಬೇಕು, ಮುಂದಿನ ದೋಣಿ ಯಾವಾಗ, ಮತ್ತು ಆಚೆಯಿಂದ ಕೊನೆಯ ದೋಣಿ ಎಷ್ಟು ಗಂಟೆಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ‘ಅಣ್ಣ, ಆ ಕಡೆಯಿಂದ ಲಾಸ್ಟ್ ದೋಣಿ ಎಷ್ಟು ಗಂಟೆಗೆ?’ ಎಂದು ಕೇಳಿದರೆ ನಿಂತವರಲ್ಲಿ ಯಾರಾದರೂ ಉತ್ತರ ಕೊಡುತ್ತಾರೆ. ಆದರೂ ದೋಣಿ ನಡೆಸುವವರ ಬಾಯಿಂದಲೇ ಕೇಳಿ. ಋತು, ನೀರು, ಜನ ನೋಡಿ ಹೊತ್ತು ಬದಲಾಗುತ್ತದೆ.

ಸಾಮಾನ್ಯವಾಗಿ ಇದು ಗಡಿಯಾರ ನೋಡಿ ಹೊರಡುವ ದೋಣಿಯಲ್ಲ. ಆಚೆ ಹೋಗಿ ಜನ ತುಂಬಿಸಿಕೊಂಡು ಈಚೆ ಬರುತ್ತದೆ, ಈಚೆಯವರನ್ನು ಕರೆದುಕೊಂಡು ಮತ್ತೆ ಆಚೆ. ಜನ ಕಡಿಮೆ ಇದ್ದರೆ ಸ್ವಲ್ಪ ಕಾಯಬೇಕು. ದರ ಚಿಲ್ಲರೆ ಕಾಸಿನದು, ಸಿಟಿ ಬಸ್ಸಿನ ಟಿಕೆಟ್ ಹಾಗೆ. ಅದಕ್ಕೇ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡು ಬನ್ನಿ. ಐನೂರರ ನೋಟು ಹಿಡಿದು ಸಾಲಿನಲ್ಲಿ ನಿಂತರೆ ಹಿಂದಿನವರೆಲ್ಲ ಕಾಯಬೇಕಾಗುತ್ತದೆ.

ದೋಣಿ ಬಂದು ತಾಗಿದ ಮೇಲೆ ಇಳಿಯುವವರು ಪೂರ್ತಿ ಇಳಿಯಲಿ. ಆಮೇಲೆ ನೀವು. ಹತ್ತುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಘಟ್ಟದ ಮೇಲಿನಿಂದ ಬಂದವರು ಹೆದರುವುದು ಇಲ್ಲೇ.

ದೋಣಿ ಹಗ್ಗದಲ್ಲಿ ಕಟ್ಟಿದ್ದರೂ ಅಲುಗುತ್ತಲೇ ಇರುತ್ತದೆ. ಏರುತ್ತದೆ, ಇಳಿಯುತ್ತದೆ, ಜೆಟ್ಟಿಯಿಂದ ಒಂದು ಗೇಣು ದೂರ ಹೋಗಿ ಮತ್ತೆ ಹತ್ತಿರ ಬರುತ್ತದೆ. ಒಂದೆರಡು ಸಲ ಅದರ ಲಯ ನೋಡಿ. ದೋಣಿ ಮೇಲೆ ಬಂದು ಮೆಟ್ಟಿಲಿನ ಮಟ್ಟಕ್ಕೆ ನಿಂತ ಕ್ಷಣದಲ್ಲಿ ಕಾಲಿಡಿ. ಕೆಳಗೆ ಇಳಿಯುತ್ತಿರುವಾಗ ಬೇಡ. ಕಾಲು ಅಂಚಿನ ಮೇಲೆ ಇಡಬಾರದು, ನೇರವಾಗಿ ಒಳಗಿನ ಹಲಗೆಯ ಮೇಲೆ, ಆದಷ್ಟು ನಡುವಿಗೆ. ಹಗ್ಗ ಹಿಡಿದ ಹುಡುಗ ಕೈ ಚಾಚುತ್ತಾನೆ. ಬೆರಳು ಕೊಡಬೇಡಿ, ಮುಂಗೈ ಕೊಡಿ. ಅವನು ನಿಮ್ಮ ಮಣಿಕಟ್ಟಿನ ಮೇಲೆ ಹಿಡಿಯುತ್ತಾನೆ, ನೀವೂ ಅವನದ್ದನ್ನು ಹಾಗೆಯೇ ಹಿಡಿಯಿರಿ. ಬೆರಳು ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ. ಒಳಗೆ ಬಂದ ಮೇಲೆ ನಿಲ್ಲದೆ ಕುಳಿತುಬಿಡಿ. ಚೀಲ ಬೆನ್ನಿಗಿದ್ದರೆ ತೆಗೆದು ಮಡಿಲಲ್ಲಿಟ್ಟುಕೊಳ್ಳಿ, ಅಕ್ಕಪಕ್ಕದವರಿಗೆ ತಾಗುವುದಿಲ್ಲ, ನಿಮಗೂ ತೂಕ ತಪ್ಪುವುದಿಲ್ಲ.

‘ಸ್ವಲ್ಪ ಆ ಕಡೆ ಕೂತುಕೊಳ್ಳಿ’ ಎಂದು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಎರಡೂ ಬದಿ ಭಾರ ಸಮ ಮಾಡಲಿಕ್ಕೆ ಹಾಗೆ ಹೇಳುವುದು. ಲೈಫ್ ಜಾಕೆಟ್ ಕೇಳಿ ಪಡೆದುಕೊಳ್ಳಿ, ಹಾಕಿಕೊಂಡು ಮುಂದಿನ ಪಟ್ಟಿ ಎಲ್ಲ ಕಟ್ಟಿ. ಭುಜಕ್ಕೆ ನೇತು ಹಾಕಿಕೊಂಡರೆ ಪ್ರಯೋಜನವಿಲ್ಲ. ಊರಿನವರು ಹಾಕದೆ ಕುಳಿತಿದ್ದಾರೆ ಎಂದು ನೀವೂ ಬಿಡಬೇಡಿ. ಅವರಲ್ಲಿ ಹೆಚ್ಚಿನವರು ಈ ನೀರಿನಲ್ಲೇ ಈಜಿ ಬೆಳೆದವರು. ದೋಣಿಯಲ್ಲಿ ಜನ ಜಾಸ್ತಿ ಆಯಿತು ಅನ್ನಿಸಿದರೆ ಮುಂದಿನದಕ್ಕೆ ನಿಲ್ಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಚಪ್ಪಲಿ ವಿಷಯ ಸಣ್ಣದು, ಆದರೆ ಉಪಯೋಗದ್ದು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಪಾಚಿ ಮೆಟ್ಟಿಲಿನ ಮೇಲೆ ಸವೆದ ಹವಾಯಿ ಚಪ್ಪಲಿ ಜಾರುತ್ತದೆ, ಶೂ ಆಚೆಯ ಮರಳಿನಲ್ಲಿ ತೊಂದರೆ ಕೊಡುತ್ತದೆ.

ಹೊಳೆಯ ನಡುವೆ

ದಾಟಲು ಕೆಲವೇ ನಿಮಿಷ. ಆ ಕೆಲವು ನಿಮಿಷ ಮೊಬೈಲ್ ಒಳಗಿಡಿ ಎಂದು ಕೇಳಿಕೊಳ್ಳುತ್ತೇನೆ. ಫೋಟೋ ಬರುವಾಗ ತೆಗೆದರಾಯಿತು.

ಮೊದಲು ದೋಣಿಯ ಮೂತಿ ನೋಡಿ. ಅದು ಎದುರಿನ ಜೆಟ್ಟಿಗೆ ನೇರವಾಗಿ ತಿರುಗಿರುವುದಿಲ್ಲ. ಇಳಿತದ ಹೊತ್ತಿನಲ್ಲಿ ನೀರು ಅಳಿವೆ ಬಾಗಿಲಿನ ಕಡೆಗೆ, ಅಂದರೆ ಎಡಕ್ಕೆ ಎಳೆಯುತ್ತದೆ. ಆಗ ಮೂತಿ ಸ್ವಲ್ಪ ಬಲಕ್ಕೆ. ಉಬ್ಬರದ ಹೊತ್ತಿನಲ್ಲಿ ಕಡಲ ನೀರು ಹೊಳೆಯೊಳಗೆ ನುಗ್ಗುತ್ತದೆ, ಆಗ ಮೂತಿ ಎಡಕ್ಕೆ. ಎಷ್ಟು ಎಳೆತಕ್ಕೆ ಎಷ್ಟು ಓರೆ ಅನ್ನುವುದು ನಡೆಸುವವರ ಕೈಗೆ ಗೊತ್ತು. ದಡ ಹತ್ತಿರ ಬಂದಾಗ ಇಂಜಿನ್ ಸದ್ದು ಇಳಿಸಿ, ಉಳಿದ ದೂರಕ್ಕೆ ನೀರಿಗೇ ಬಿಟ್ಟು, ಮೆತ್ತಗೆ ತಂದು ತಾಗಿಸುತ್ತಾರೆ. ನನಗೆ ಇದನ್ನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ.

ಈಗ ಎಡಕ್ಕೆ ನೋಡಿ. ದೂರದಲ್ಲಿ ಹಳೆ ಬಂದರು, ಮೀನು ಇಳಿಸುವ ದಕ್ಕೆ, ಒತ್ತೊತ್ತಾಗಿ ನಿಂತ ಟ್ರಾಲ್ ಬೋಟುಗಳು. ಜೂನ್, ಜುಲೈ ತಿಂಗಳಲ್ಲಿ ಬಂದರೆ ಬೋಟುಗಳೆಲ್ಲ ಕಟ್ಟಿಯೇ ಇರುತ್ತವೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮೀನು ಮರಿ ಹಾಕುವ ಕಾಲ ಅದು. ಬಲಕ್ಕೆ ನೋಡಿದರೆ ಕೂಳೂರು, ಪಣಂಬೂರು ಕಡೆಯ ಕಾರ್ಖಾನೆಗಳ ಚಿಮಣಿಗಳು. ಈ ತಣ್ಣೀರುಬಾವಿಯಲ್ಲಿ 2001ರಲ್ಲಿ 220 ಮೆಗಾವಾಟ್‌ನ ವಿದ್ಯುತ್ ಸ್ಥಾವರವೊಂದು ಶುರುವಾಗಿತ್ತು. ನಾಫ್ತಾದಲ್ಲಿ ನಡೆಯುತ್ತಿತ್ತು, ಮತ್ತು ಪೂರ್ತಿ ಸ್ಥಾವರ ಇದ್ದದ್ದು ನೀರಿನ ಮೇಲೆ ತೇಲುವ ಬಾರ್ಜ್‌ಗಳಲ್ಲಿ. ಆಮೇಲೆ ಅದನ್ನು ಆಂಧ್ರದ ಕಾಕಿನಾಡಕ್ಕೆ ಒಯ್ದರು. ಒಂದು ಕರೆಂಟ್ ಕಾರ್ಖಾನೆ ಹೊಳೆಯಲ್ಲಿ ನಿಂತಿದ್ದು ಕೊನೆಗೆ ಎದ್ದು ಹೋಯಿತು ಎಂದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಮೇಲೆ ಗರುಡಗಳು ಸುತ್ತುತ್ತಿರುತ್ತವೆ. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಬಲೆ ಬೀಸಿದ ಕಡೆ, ಮೀನು ತೊಳೆಯುವ ಕಡೆ ಕೆಳಗೆ ಬರುತ್ತವೆ. ಚಳಿಗಾಲದಲ್ಲಿ ಕಡಲಹಕ್ಕಿಗಳ ಗುಂಪು ಜೊತೆಗಿರುತ್ತದೆ. ಇಳಿತದ ಹೊತ್ತಿನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುವವರು ಕಾಣಬಹುದು. ಕಾಲಿನಲ್ಲೇ ಕೆಸರು ತಡವಿ, ಚಿಪ್ಪು ಸಿಕ್ಕಿದ ತಕ್ಷಣ ಮುಳುಗಿ ತೆಗೆದು ಬುಟ್ಟಿಗೆ ಹಾಕುತ್ತಾರೆ. ಮಂಗಳೂರಿನ ಮರುವಾಯಿ ಸುಕ್ಕಕ್ಕೆ, ಮರುವಾಯಿ ಪುಂಡಿಗೆ ಸಾಮಾನು ಇಂಥ ಕಡೆಯಿಂದಲೇ ಬರುವುದು.

ಇನ್ನು ಹಿಂದೆ ತಿರುಗಿ ನೋಡಿ. ಪೇಟೆ ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಹತ್ತುತ್ತದೆ. ಕೆಳಗೆ ತೆಂಗಿನ ಸಾಲು, ಹೆಂಚಿನ ಮಾಡುಗಳು, ಅವುಗಳ ಮೇಲೆ ಅಪಾರ್ಟ್‌ಮೆಂಟುಗಳು. ವ್ಯಾಪಾರ ಯಾಕೆ ಕೆಳಗೆ ಬಂದರಿನ ಬದಿಯಲ್ಲಿ ಬೆಳೆಯಿತು, ಮನೆಗಳು ಯಾಕೆ ಮೇಲೆ ಗುಡ್ಡೆಗೆ ಹೋದವು ಅನ್ನುವುದನ್ನು ಇಲ್ಲಿಂದ ಕಣ್ಣಿನಲ್ಲೇ ಓದಬಹುದು.

‘ಇಲ್ಲಿ ರೋಪ್‌ವೇ ಇಲ್ವಾ?’ ಎಂದು ಕೆಲವರು ಕೇಳುತ್ತಾರೆ. ಗುವಾಹಟಿಯಲ್ಲಿ ಬ್ರಹ್ಮಪುತ್ರದ ಮೇಲೆ 2020ರಿಂದ ಸುಮಾರು 1.8 ಕಿಲೋಮೀಟರ್ ಉದ್ದದ ರೋಪ್‌ವೇ ಇದೆ, ಅದನ್ನು ನೋಡಿದವರಿಗೆ ಇಂಥ ಆಸೆ ಸಹಜ. ಇಲ್ಲಿ ರೋಪ್‌ವೇ ಇಲ್ಲ, ಆದರೆ ತೂಗುಸೇತುವೆ ಬೇಕೆಂಬ ಮಾತು ಹಲವು ವರ್ಷಗಳಿಂದ ಇದೆ. ಆಚೆ ದಡದಲ್ಲಿ ಬದುಕುವವರಿಗೆ ರಾತ್ರಿ ಹಗಲು ದಾಟಲು ಗಟ್ಟಿ ದಾರಿಯೊಂದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಹೆರಿಗೆ ನೋವು ದೋಣಿಯ ಹೊತ್ತು ನೋಡಿ ಬರುವುದಿಲ್ಲ.

ಆಚೆ ದಡ

ಇಳಿಯುವಾಗಲೂ ಅದೇ ಕ್ರಮ. ದೋಣಿ ಪೂರ್ತಿ ತಾಗಿ, ಹಗ್ಗ ಕಟ್ಟಿದ ಮೇಲೆ ಏಳಿ. ಎಲ್ಲರೂ ಒಟ್ಟಿಗೆ ಒಂದೇ ಬದಿಗೆ ಎದ್ದರೆ ದೋಣಿ ಓರೆಯಾಗುತ್ತದೆ.

ಅಲ್ಲಿಂದ ಬೀಚಿಗೆ ನಡೆದೇ ಹೋಗಬಹುದು. ದಾರಿಯಲ್ಲಿ ಮನೆಗಳಿವೆ, ಅಂಗಳದಲ್ಲಿ ಬಲೆ ಹರಡಿ ಹರಿದ ಕಣ್ಣು ಹೊಲಿಯುತ್ತಿರುತ್ತಾರೆ. ಬಲೆ ತುಳಿಯಬೇಡಿ, ದಾಟಿ ಹೋಗಿ. ಫೋಟೋ ಬೇಕೆಂದರೆ ಕೇಳಿ ತೆಗೆಯಿರಿ. ‘ತೆಗೀಬಹುದಾ ಅಣ್ಣ?’ ಎಂದರೆ ಬೇಡ ಅನ್ನುವವರು ಕಡಿಮೆ. ಕೇಳದೆ ತೆಗೆದರೆ ಯಾರಿಗಾದರೂ ಬೇಸರವೇ.

ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇಲ್ಲೇ ಇದೆ. ಮಕ್ಕಳಿದ್ದರೆ ಟಿಕೆಟ್ ಕೊಂಡು ಒಳಗೆ ಹೋಗಿ, ನೆರಳಿನಲ್ಲಿ ಒಂದು ಗಂಟೆ ಸುಲಭವಾಗಿ ಕಳೆಯುತ್ತದೆ. ಬರೀ ಕಡಲು ನೋಡಲು ಬಂದವರು ಬಿಟ್ಟರೂ ನಷ್ಟವಿಲ್ಲ.

ಬೀಚಿನಲ್ಲಿ ನೀರಿಗೆ ಇಳಿಯುವ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪಾದ ನೆನೆಸಿ, ಹೆಚ್ಚೆಂದರೆ ಮೊಣಕಾಲಿನವರೆಗೆ. ಈ ಕರಾವಳಿಯಲ್ಲಿ ಅಲೆ ದಡಕ್ಕೆ ಬಡಿದು ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಆ ಸೆಳೆತಕ್ಕೆ ಈಜು ಬಲ್ಲವರೂ ಸಿಕ್ಕಿಹಾಕಿಕೊಂಡಿದ್ದಾರೆ. ಕೆರೆಯಲ್ಲಿ, ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಸಾಲದು. ಅಲೆಗಳ ನಡುವೆ ಒಂದು ಕಡೆ ಮಾತ್ರ ನೊರೆ ಕಡಿಮೆ, ನೀರು ಶಾಂತ, ಬಣ್ಣ ಕಲಕಿದಂತೆ ಕಂಡರೆ ಅದು ಸುರಕ್ಷಿತ ಜಾಗವಲ್ಲ. ನೀರು ಹೊರಗೆ ಓಡುವ ದಾರಿ ಅದು. ಅಕಸ್ಮಾತ್ ಸಿಕ್ಕಿಬಿದ್ದರೆ ದಡದ ಕಡೆಗೆ ಎದುರು ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ, ಕೈ ಎತ್ತಿ ಕರೆಯಿರಿ. ಜೀವರಕ್ಷಕರು ಸೀಟಿ ಊದಿದರೆ ನಿಮಗೇ ಎಂದು ತಿಳಿದು ಹಿಂದೆ ಬನ್ನಿ.

ಹಸಿವಾದರೆ ಚರುಮುರಿ ಇದೆ, ಬೊಂಡ ಇದೆ. ಬೊಂಡ ಅಂದರೆ ಇಲ್ಲಿ ಎಳನೀರು, ಬೆಂಗಳೂರಿನ ಬೋಂಡಾ ಅಲ್ಲ. ಊಟ ಮಾತ್ರ ಪೇಟೆಗೆ ವಾಪಸ್ ಬಂದು ಮಾಡಿ.

ವಾಪಸ್ ಬರುವುದು

ಕೇಳಿಕೊಂಡ ಕೊನೆಯ ದೋಣಿಗಿಂತ ಒಂದು ದೋಣಿ ಮೊದಲೇ ಬರುವ ಲೆಕ್ಕ ಇಟ್ಟುಕೊಳ್ಳಿ. ಸೂರ್ಯ ಮುಳುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಜೆಟ್ಟಿಗೆ ಬರುತ್ತಾರೆ. ದೋಣಿಯಲ್ಲಿ ಜಾಗ ಇರುವುದಿಲ್ಲ, ಕತ್ತಲೆಯಲ್ಲಿ ಮೆಟ್ಟಿಲು ಸರಿಯಾಗಿ ಕಾಣುವುದಿಲ್ಲ. ಸೂರ್ಯ ಇನ್ನೂ ಒಂದು ಗೇಣು ಮೇಲಿರುವಾಗ ಹೊರಟರೆ ಹೊಳೆಯ ಮೇಲಿನಿಂದ ಪೇಟೆಯ ಗೋಡೆಗಳೆಲ್ಲ ಹೊಂಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಬೀಚಿನಲ್ಲಿ ನಿಂತು ನೋಡುವ ಸೂರ್ಯಾಸ್ತಕ್ಕಿಂತ ಅದು ಚೆನ್ನ ಎಂದು ನಾನು ಖಂಡಿತ ಹೇಳುತ್ತೇನೆ. ಫೋಟೋ ತೆಗೆಯುವುದಿದ್ದರೆ ಆಗ ತೆಗೆಯಿರಿ, ಬೆಳಕು ನಿಮ್ಮ ಬೆನ್ನಿಗಿರುತ್ತದೆ.

ದೋಣಿ ತಪ್ಪಿದರೆ ಗಾಬರಿ ಬೇಡ. ನೀವು ದ್ವೀಪದಲ್ಲಿಲ್ಲ. ತಣ್ಣೀರುಬಾವಿಯಿಂದ ಪಣಂಬೂರು, ಕೂಳೂರು ಸೇತುವೆಯಾಗಿ ಪೇಟೆಗೆ ರಸ್ತೆ ಇದೆ. ಹತ್ತು ಕಿಲೋಮೀಟರಿಗಿಂತ ಜಾಸ್ತಿ ಸುತ್ತು. ಆ ದಾರಿಯಲ್ಲಿ ಬಸ್ ಕಡಿಮೆ, ಕತ್ತಲಾದ ಮೇಲೆ ಆಟೋ ಹುಡುಕಬೇಕು. ಬೀಚಿನ ಅಂಗಡಿಯವರಲ್ಲಿ ಕೇಳಿದರೆ ಫೋನ್ ಮಾಡಿ ಕರೆಸಿ ಕೊಡುತ್ತಾರೆ. ಬತ್ತೇರಿಯಲ್ಲಿ ಬೈಕ್ ಬಿಟ್ಟು ಬಂದವರಿಗೆ ಅಲ್ಲಿವರೆಗೂ ಹೋಗುವ ಖರ್ಚು ಜೊತೆಗೆ ಸೇರುತ್ತದೆ.

ಇದೇ ಥರ ದೋಣಿಯಲ್ಲಿ ದಾಟುವ ಇನ್ನೆರಡು ಕಡವು

ಹಳೆ ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿ ಇದೇ ಹೊಳೆಯಲ್ಲಿ ಇನ್ನೂ ಕೆಳಗಿದೆ. ಅಲ್ಲಿ ನೀರು ಅಗಲ, ಮೀನುಗಾರಿಕೆ ಬೋಟುಗಳ ಓಡಾಟ ಜಾಸ್ತಿ. ಅದು ಪೂರ್ತಿ ಕೆಲಸದ ಜನರ ದೋಣಿ. ಒಬ್ಬರೋ ಇಬ್ಬರೋ ಹೋಗಿ, ಗುಂಪಾಗಿ ಹೋಗಬೇಡಿ. ಬಂದರಿನ ಗಲ್ಲಿಗಳಲ್ಲಿ ಬೆಳಿಗ್ಗೆ ಲಾರಿಗಳು ತುಂಬಿರುತ್ತವೆ, ಕಾರು ಒಯ್ಯಬೇಡಿ, ಸ್ಟೇಟ್ ಬ್ಯಾಂಕ್‌ನಿಂದ ನಡೆದುಕೊಂಡು ಬನ್ನಿ.

ಉಡುಪಿ ಜಿಲ್ಲೆಯಲ್ಲಾದರೆ ಹಂಗಾರಕಟ್ಟೆ ಮತ್ತು ಕೋಡಿಬೆಂಗ್ರೆ ನಡುವಿನ ಬಾರ್ಜ್. ಸೀತಾ, ಸ್ವರ್ಣಾ ಹೊಳೆಗಳು ಸೇರಿ ಕಡಲಿಗೆ ಬೀಳುವ ಜಾಗ ಅದು. ಅಲ್ಲಿಯೂ ಮರಳಿನ ಪಟ್ಟಿ, ಅಲ್ಲಿಯೂ ಹೆಸರು ಬೆಂಗ್ರೆ. ಅದಕ್ಕೇ ಮ್ಯಾಪಿನಲ್ಲಿ ಬರೀ ‘ಬೆಂಗ್ರೆ’ ಎಂದು ಹಾಕಿದರೆ ಒಂದರ ಬದಲು ಇನ್ನೊಂದಕ್ಕೆ ಹೋಗಿಬಿಡುವ ಸಾಧ್ಯತೆ ಇದೆ. ಪೂರ್ತಿ ಹೆಸರು ಹಾಕಿ. ಬಾರ್ಜ್ ಇರುವ ದಿನ ಬೈಕ್ ಕೂಡ ದಾಟಿಸಬಹುದು, ಮಲ್ಪೆಯಿಂದ ಹೂಡೆ, ಕೋಡಿಬೆಂಗ್ರೆಯಾಗಿ ಹೊಳೆ ದಾಟಿ ಹೋಗುವ ಆ ದಾರಿ ಬಹಳ ಚಂದ. ದುರಸ್ತಿಗೆ ಹೋದರೆ ಬಾರ್ಜ್ ದಿನಗಟ್ಟಲೆ ಇರುವುದಿಲ್ಲ, ಹಾಗಾಗಿ ಹೊರಡುವ ಮೊದಲು ಅಲ್ಲಿಯ ಯಾರಿಗಾದರೂ ಫೋನ್ ಮಾಡಿ ಕೇಳಿಕೊಳ್ಳಿ. ಇಲ್ಲ ಎಂದು ಗೊತ್ತಾದರೆ ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ಹೀಗೆ ರಸ್ತೆಯಲ್ಲೇ ಸುತ್ತಬೇಕು. ಅದಕ್ಕೆ ಒಂದು ಗಂಟೆ ಕೈಯಲ್ಲಿರಲಿ.